ಗನ್‌ಮ್ಯಾನ್ ಕೈ ಯಾರು ನೋಡ್ತಾರೆ?

9 ಫೆಬ್ರವರಿ 2025, ಭಾನುವಾರ ರಾತ್ರಿ

ಅಪ್ಪನ ಜೊತೆ ಕೂತು ‘ದಿ ಲಾಸ್ಟ್ ಟೈಕೂನ್’ ನೋಡಿದೆ. 2012ರ ಚಿತ್ರ, ವಾಂಗ್ ಜಿಂಗ್ ನಿರ್ದೇಶನ. ಹಳೇ ಶಾಂಘೈ, ಉದ್ದ ಕೋಟು, ಟೋಪಿ, ಬೇಕಾದಷ್ಟು ಗುಂಡು. ನಾಯಕ ನಟ ಚೌ ಯುನ್ ಫ್ಯಾಟ್ ಸುಮ್ನೆ ನಿಂತರೂ ನೋಡಬಹುದು. ಹಳೇ ಪ್ರೇಯಸಿ ಬಂದಾಗಲೆಲ್ಲ ಅಪ್ಪ ‘ಓಡ್ಸು, ಓಡ್ಸು’ ಅನ್ನುತ್ತಿದ್ದರು.

ಸ್ಯಾಮೊ ಹಂಗ್ ಪಾತ್ರ ಮಾತ್ರ ಅವರಿಗೆ ಹಿಡಿಸಿತು. ಪೊಲೀಸೂ ಅವನೇ, ಗ್ಯಾಂಗಿನ ಯಜಮಾನನೂ ಅವನೇ. ‘ಇದೆಲ್ಲ ಸಿನಿಮಾದೋರು ಕಟ್ಟಿದ್ದು’ ಅಂದರು. ಅಲ್ಲ, ಅಂಥವನೊಬ್ಬ ನಿಜವಾಗಿ ಇದ್ದ ಅಂದೆ. ಹೆಸರು ಹುವಾಂಗ್ ಜಿನ್‌ರಾಂಗ್. ಶಾಂಘೈನಲ್ಲಿ ಫ್ರೆಂಚರ ಆಡಳಿತವಿದ್ದ ಭಾಗದ ಪೊಲೀಸಿನಲ್ಲಿ ಪತ್ತೇದಾರ. ಅಫೀಮಿನ ದುಡ್ಡಿನಲ್ಲಿ ಪಾಲು. ಅಪ್ಪ ಹೂಂ ಅಂದರು. ಖಾಕಿ ಹಾಕಿದವರ ಹೂಂ ಅದು, ಅರ್ಥ ಕೇಳಬಾರದು.

ಅವನಿಗೆ ಇಬ್ಬರು ಆಣೆ ಮಾಡಿದ ಸೋದರರು. ಒಬ್ಬ ದು ಯುಯೆಶೆಂಗ್, ಚಿತ್ರದ ನಾಯಕನಿಗೆ ಮೂಲ ಅವನೇ. 1927ರಲ್ಲಿ ರಾಷ್ಟ್ರೀಯವಾದಿ ಪಕ್ಷದ ನಾಯಕ ಚಿಯಾಂಗ್ ಕೈ ಶೆಕ್ ಪರವಾಗಿ ಕಮ್ಯುನಿಸ್ಟರ ಮೇಲೆ ಮುಗಿಬಿದ್ದವರು ಇವರ ಜನ. ಕಾರ್ಮಿಕ ನಾಯಕ ವಾಂಗ್ ಶೌಹುವಾನನ್ನು ಊಟಕ್ಕೆ ಕರೆದು ಮುಗಿಸಿದ್ದೂ ಈ ದು. ಚಿತ್ರದಲ್ಲಿ ನಾವು ಅವನಿಗಾಗಿ ಅಳಬೇಕಂತೆ! 1937ರಲ್ಲಿ ಜಪಾನಿಯರು ಬಂದಾಗ ದು ಹಾಂಗ್‌ಕಾಂಗಿಗೆ ಹೋದ. ಹುವಾಂಗ್ ಯಾರ ಕಡೆಗೂ ಹೋಗದೆ ಮನೆಯಲ್ಲೇ ಉಳಿದ. ಮೂರನೆಯವನು ಝಾಂಗ್ ಶಿಯಾವೊಲಿನ್ ಜಪಾನಿಯರ ಜೊತೆ ಸೇರಿಕೊಂಡ. 1940ರಲ್ಲಿ ಅವನ ಅಂಗರಕ್ಷಕನೇ ಅವನಿಗೆ ಗುಂಡು ಹೊಡೆದ. ಆ ಕೊಲೆಯ ಹಿಂದೆ ಚಿಯಾಂಗ್ ಕಡೆಯ ಗುಪ್ತಚರ ಮುಖ್ಯಸ್ಥ ದಾಯ್ ಲಿ ಇದ್ದ ಅನ್ನುತ್ತಾರೆ. ದಾಯ್ ಲಿ ದುವಿನ ಆಪ್ತ ಬೇರೆ.

ಅಪ್ಪ ಟಿವಿ ಆಫ್ ಮಾಡಿದರು.

‘ಯಾರು, ಗನ್‌ಮ್ಯಾನಾ?’

ಮರೆತೇಹೋಗಿತ್ತು. ಅಪ್ಪನೂ ಒಬ್ಬ ಮಂತ್ರಿಗೆ ಗನ್‌ಮ್ಯಾನ್ ಆಗಿದ್ದವರು. ನಾನಾಗ ಹೈಸ್ಕೂಲು.

‘ನಾವು ಸಾಹೇಬ್ರ ಮುಖ ನೋಡಲ್ಲ ಕಣೋ. ಸುತ್ತ ಇರೋರ ಕೈ ನೋಡ್ತೀವಿ. ಹಾರ ಹಾಕೋನ ಕೈ, ಅರ್ಜಿ ಕೊಡೋನ ಕೈ. ನಮ್ಮ ಕೈ ಯಾರು ನೋಡ್ತಾರೆ?’

ನನಗೆ ಮಾತು ಹೊರಡಲಿಲ್ಲ. ಅವರೇ ಮುಂದುವರಿಸಿದರು.

‘ಪಿಸ್ತೂಲು ಸರ್ಕಾರದ್ದು. ಊಟ ಸಾಹೇಬ್ರ ಮನೇದು. ಅವರು ಪಕ್ಷ ಬಿಟ್ಟ ದಿನ ನಾನೂ ಜೊತೇಲೇ ಇದ್ದೆ. ಬೆಳಿಗ್ಗೆ ಯಾರನ್ನ ತಡೀತಿದ್ನೋ ಸಂಜೆ ಅವರಿಗೇ ಬಾಗಿಲು ತೆಗೆದೆ.’

‘ಬೇಜಾರಾಯ್ತಾ ಅಪ್ಪ?’

‘ಹಸಿವಾಗಿತ್ತು’ ಅಂದರು. ಇಬ್ಬರೂ ನಕ್ಕೆವು. ಅಮ್ಮ ಒಳಗಿನಿಂದ ಕೂಗಿದಳು, ಬಿಪಿ ಮಾತ್ರೆ ಆಯ್ತಾ ಅಂತ. ಆಗಿರಲಿಲ್ಲ. ನಾಳೆ ಸ್ಟ್ರಿಪ್ ತರಬೇಕು, ಎರಡೇ ಉಳಿದಿವೆ.

ಹುವಾಂಗ್ ಕೊನೆ ಹೇಳೋದು ಬಾಕಿ ಇದೆ. 1951ರಲ್ಲಿ ಕಮ್ಯುನಿಸ್ಟ್ ಸರ್ಕಾರ ಅವನ ಕೈಗೆ ಪೊರಕೆ ಕೊಟ್ಟು, ಹಿಂದೆ ಅವನದೇ ಆಗಿದ್ದ ‘ಗ್ರೇಟ್ ವರ್ಲ್ಡ್’ ಮನರಂಜನಾ ಕಟ್ಟಡದ ಮುಂದೆ ಗುಡಿಸಿಸಿತು. ಅಪ್ಪನಿಗೆ ಇದು ಖುಷಿ ಕೊಡುತ್ತೆ. ಕೊಡುತ್ತಾ? ಅವರ ಆ ಸಾಹೇಬರು ಈಗಲೂ ಯುಗಾದಿಗೆ ಫೋನ್ ಮಾಡುತ್ತಾರೆ. ಈ ಸಲ ನಾನೇ ಎತ್ತಿ ಕೇಳಿಬಿಡಲಾ, ಸಾರ್, ಕಾರಲ್ಲಿ ಹಿಂದೆ ಕೂತಾಗ ನಿಮಗೆ ಯಾವತ್ತಾದರೂ ಅಪ್ಪನ ಮೇಲೆ