ದುಂಡು ಕಾಳಿನಲ್ಲಿ ಅಡಗಿರುವ ಸುಕ್ಕು

ಬಟಾಣಿಯ ದುಂಡು ಕಾಳೊಂದನ್ನು ಬರಿಗಣ್ಣಿನಿಂದ ಎಷ್ಟೇ ಹೊತ್ತು ನೋಡಿದರೂ ಅದರಲ್ಲಿರುವ ಎರಡೂ ಆಲೀಲ್‌ಗಳು (ಒಂದೇ ಜೀನ್‌ನ ಬೇರೆ ಬೇರೆ ರೂಪಗಳು) ದುಂಡಿನವೇ, ಅಥವಾ ಒಂದು ಸುಕ್ಕಿನದೇ ಎಂಬುದು ತಿಳಿಯುವುದಿಲ್ಲ. ಪ್ರಬಲ (ಒಂದೇ ಆಲೀಲ್ ಇದ್ದರೂ ಕಾಣುವ) ಮತ್ತು ಅಪ್ರಬಲ (ಎರಡೂ ಅದರವೇ ಆದಾಗಷ್ಟೇ ಕಾಣುವ) ಗುಣಗಳ ಪಾಠವನ್ನು ನಾವು ಸಾಮಾನ್ಯವಾಗಿ ಮೂರು ದುಂಡಿಗೆ ಒಂದು ಸುಕ್ಕು ಎಂಬ ಅನುಪಾತವನ್ನು ಬಾಯಿಪಾಠ ಮಾಡಿ ಮುಗಿಸುತ್ತೇವೆ. ಆ ಮೂರೂ ಒಂದೇ ಬಗೆಯವಲ್ಲ ಎಂಬುದೇ ಇದರ ತಿರುಳೆಂದು ನಾನು ಭಾವಿಸುತ್ತೇನೆ.

ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ದುಂಡು ಮತ್ತು ಸುಕ್ಕು ತಳಿಗಳ ಸಂಕರದಿಂದ ಬಂದ ಎರಡನೆಯ ಪೀಳಿಗೆಯ 7,324 ಕಾಳುಗಳ ಲೆಕ್ಕವಿದೆ: 5,474 ದುಂಡು, 1,850 ಸುಕ್ಕು. ಎರಡೂ ಬಗೆಯ ಆಲೀಲ್ ಇರುವ ಮಿಶ್ರ ಗಿಡದ ಪ್ರತಿ ಲಿಂಗಾಣುವಿಗೂ ಎರಡರಲ್ಲಿ ಒಂದೇ ಆಲೀಲ್ ಸೇರುವುದರಿಂದ, ಪರಾಗ ಮತ್ತು ಅಂಡ ಎರಡರಿಂದಲೂ ಸುಕ್ಕಿನದೇ ಬರುವ ಸಂಭವ ಅರ್ಧದ ಅರ್ಧ, ಅಂದರೆ ಕಾಲು ಭಾಗ. ಮೆಂಡೆಲ್ ಅಲ್ಲಿಗೇ ನಿಲ್ಲದೆ ದುಂಡು ಕಾಳುಗಳನ್ನು ಬಿತ್ತಿ, ಬೆಳೆದ 565 ಗಿಡಗಳನ್ನು ಸ್ವಪರಾಗಸ್ಪರ್ಶಕ್ಕೆ ಬಿಟ್ಟರು. 193 ಗಿಡಗಳು ಬರೀ ದುಂಡು ಕಾಳು ಕೊಟ್ಟವು. 372 ಗಿಡಗಳಲ್ಲಿ ಸುಕ್ಕು ಮತ್ತೆ ಕಾಣಿಸಿಕೊಂಡಿತು. ಹೀಗೆ ಮೂರರಲ್ಲಿ ಒಂದು ಶುದ್ಧ, ಎರಡು ಮಿಶ್ರ ಎಂಬುದು ಬಯಲಾಯಿತು.

ಗುಟ್ಟನ್ನು ಬೇಗ ತಿಳಿಯಬೇಕಾದರೆ ಸಂದೇಹವಿರುವ ಗಿಡವನ್ನು ಸುಕ್ಕಿನ ತಳಿಯೊಡನೆ ಸಂಕರಗೊಳಿಸಬೇಕು. ಗಿಡ ಮಿಶ್ರವಾಗಿದ್ದರೆ ಅರ್ಧದಷ್ಟು ಕಾಳುಗಳು ಸುಕ್ಕುಗಟ್ಟುವ ನಿರೀಕ್ಷೆಯಿರುತ್ತದೆ. ಹತ್ತು ಕಾಳುಗಳೂ ದುಂಡಾಗಿಯೇ ಬಂದು ನಮ್ಮನ್ನು ದಾರಿತಪ್ಪಿಸುವ ಸಂಭವ 1,024ರಲ್ಲಿ ಒಂದು ಮಾತ್ರ. ಸ್ವಪರಾಗಸ್ಪರ್ಶದ ಹತ್ತು ಕಾಳುಗಳನ್ನಷ್ಟೇ ನೋಡಿ ತೀರ್ಮಾನಿಸಿದರೆ ಮಾತ್ರ ಆ ಸಂಭವ ಸುಮಾರು ಶೇ. 5.6ಕ್ಕೆ ಏರುತ್ತದೆ. ಆದ್ದರಿಂದ ಎಷ್ಟು ಸಂತತಿಯನ್ನು ಎಣಿಸಿದ್ದೇವೆ ಎಂಬುದನ್ನು ಹೇಳದ ತೀರ್ಮಾನವನ್ನು ನಾನು ನಂಬುವುದಿಲ್ಲ.

ಪ್ರಬಲ ಎಂದೊಡನೆ ಒಂದು ಆಲೀಲ್ ಇನ್ನೊಂದನ್ನು ತುಳಿದು ಹಾಕುತ್ತದೆ ಎಂದು ಅನೇಕರು ತಿಳಿಯುತ್ತಾರೆ. ನಡೆಯುವುದು ಬೇರೆ. ಪಿಷ್ಟದ ಕವಲುಗಳನ್ನು ಕಟ್ಟುವ ಒಂದು ಕಿಣ್ವದ ಜೀನ್‌ನಲ್ಲಿ ಹೆಚ್ಚುವರಿ ಡಿಎನ್‌ಎ ತುಣುಕೊಂದು ಸೇರಿಕೊಂಡು ಅದು ಕೆಟ್ಟಿರುವುದೇ ಸುಕ್ಕಿನ ಆಲೀಲ್. ಎರಡು ಪ್ರತಿಗಳೂ ಕೆಟ್ಟಾಗ ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿಯುತ್ತದೆ, ಎಳೆಗಾಳು ಹೆಚ್ಚು ನೀರನ್ನು ಹೀರಿ ಉಬ್ಬುತ್ತದೆ, ಒಣಗುವಾಗ ಸಿಪ್ಪೆ ಮುದುಡುತ್ತದೆ. ಸರಿಯಿರುವ ಒಂದೇ ಪ್ರತಿಯಿದ್ದರೂ ಕಾಳು ದುಂಡಾಗಲು ಸಾಕಾಗುವಷ್ಟು ಪಿಷ್ಟ ತಯಾರಾಗುತ್ತದೆ.

ಎಲ್ಲ ಗುಣಗಳೂ ಹೀಗಲ್ಲ. ಕೆಂಪು ಮತ್ತು ಬಿಳಿ ಸಂಜೆಮಲ್ಲಿಗೆಗಳ ಸಂಕರದಲ್ಲಿ ಗುಲಾಬಿ ಬಣ್ಣದ ಹೂ ಬರುತ್ತದೆ. ಅಲ್ಲಿ ಮಿಶ್ರವನ್ನು ಗುರುತಿಸಲು ಯಾವ ಪರೀಕ್ಷೆಯೂ ಬೇಕಿಲ್ಲ. ಬಟಾಣಿಯಲ್ಲಿಯೂ ಸೂಕ್ಷ್ಮದರ್ಶಕದಡಿ ಪಿಷ್ಟದ ಕಣಗಳನ್ನು ನೋಡಿದರೆ, ಶುದ್ಧ ದುಂಡು ಕಾಳಿನ ಕಣಗಳು ಇಡಿಯಾಗಿಯೂ ಸುಕ್ಕಿನವು ಒಡೆದಂತೆಯೂ ಇರುತ್ತವೆ, ಮಿಶ್ರ ಕಾಳಿನ ಕಣಗಳು ಅವೆರಡರ ನಡುವಿನ ರೂಪ ತಳೆದಿರುತ್ತವೆ.