ಬಿಸಿಲಿಗೆ ಬಿಟ್ಟ ಕಾಗದ

ರಾಸಾಯನಿಕ ಬಳಿದ ಕಾಗದದ ಮೇಲೆ ಎಲೆಯಂಥದ್ದನ್ನಿಟ್ಟು, ಬಿಸಿಲಿಗೆ ಬಿಟ್ಟು ನೀಲಿ ಚಿತ್ರ ಮೂಡಿಸುವುದೇ ಸಯನೋಟೈಪ್. ಇದನ್ನು ಮಾಡಲು ಕ್ಯಾಮೆರಾ ಬೇಡ, ಡಾರ್ಕ್‌ರೂಮೂ ಬೇಡ. 1842ರಲ್ಲಿ ಬ್ರಿಟಿಷ್ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನವೇ ಈಗಲೂ ನಡೆಯುತ್ತಿದೆ. ಬಿಸಿಲಿನ ಕೆಲಸವೆಂದು ಹೆಸರಾದರೂ ಚಿತ್ರ ಕೆಡುವುದು ಹೆಚ್ಚಾಗಿ ಬಿಸಿಲಿಗೆ ಹೋಗುವ ಮೊದಲೇ.

ಹಿಂದಿನ ಸಂಜೆಯೇ ಕಾಗದ ತಯಾರಾಗಬೇಕು. 25 ಗ್ರಾಂ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್ 100 ಮಿಲಿ ನೀರಿಗೆ, 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್ ಇನ್ನೊಂದು 100 ಮಿಲಿಗೆ. ಎರಡನ್ನೂ ಬೇರೆ ಬೇರೆ ಕಂದು ಬಾಟಲಿಗಳಲ್ಲಿಟ್ಟರೆ ಬಹಳ ಕಾಲ ಬಾಳುತ್ತವೆ. ಸಿಟ್ರೇಟಿಗೆ ಬೂಷ್ಟು ಹಿಡಿದರೆ ಸೋಸಿಕೊಂಡರಾಯಿತು. ಸಮಸಮ ಬೆರೆಸಿದ್ದನ್ನು ಮಾತ್ರ ಅಂದೇ ಮುಗಿಸಬೇಕು. ಎ4 ಹಾಳೆಗೆ ಮೂರು–ನಾಲ್ಕು ಮಿಲಿ ಸಾಕು. ಕೈಗವಸು ಹಾಕಿಕೊಳ್ಳಿ. ಫೆರಿಸಯನೈಡ್ ಹತ್ತಿರ ತೀಕ್ಷ್ಣ ಆಮ್ಲ ಸುಳಿಯಬಾರದು, ವಿಷಾನಿಲ ಏಳುತ್ತದೆ.

ಬೆರೆಸಿದ್ದನ್ನು ಕಾಗದಕ್ಕೆ ಬಳಿಯುವ ಕುಂಚದಲ್ಲಿ ಲೋಹದ ಪಟ್ಟಿ ಇದ್ದರೆ ದ್ರಾವಣ ಅದರ ಜೊತೆ ವರ್ತಿಸಿ ನೀಲಿ ಚುಕ್ಕೆ ಬೀಳಿಸುತ್ತದೆ, ಸ್ಪಂಜಿನ ಕುಂಚವೇ ಮೇಲು. ಹತ್ತಿಯ ದಪ್ಪ ಜಲವರ್ಣ ಕಾಗದ ಒಳ್ಳೆಯದು. ಆದರೆ ಬಾಳಿಕೆಗೆಂದು ಸುಣ್ಣದಂಶ ಸೇರಿಸಿದ ಹಾಳೆ ಕೊಳ್ಳಬೇಡಿ: ಕ್ಷಾರ ಚಿತ್ರದ ಬಣ್ಣವಾದ ಪ್ರಷ್ಯನ್ ನೀಲಿಯನ್ನು ತಿಂದುಬಿಡುತ್ತದೆ. ಕೋಣೆಯಲ್ಲಿ ಮಂದ ಹಳದಿ ಬಲ್ಬು ಉರಿಯುತ್ತಿದ್ದರೂ ತೊಂದರೆಯಿಲ್ಲ. ಲೇಪ ಹಳದಿ-ಹಸಿರಾಗಿ, ಮುಟ್ಟಿದರೆ ತಣ್ಣಗೆ ಅನ್ನಿಸದಷ್ಟು ಒಣಗಬೇಕು. ಆತುರಪಟ್ಟು ಹಸಿ ಹಾಳೆ ಬಳಸಿದರೆ ತೊಳೆಯುವಾಗ ನೀಲಿ ಹರಿದು ಬಿಳಿಯೆಲ್ಲ ಕೊಳೆಯಾಗುತ್ತದೆ.

ಎಲೆಯನ್ನೂ ಪುಸ್ತಕದ ನಡುವೆ ಒತ್ತಿಟ್ಟಿರಬೇಕು. ಆಗತಾನೆ ಕಿತ್ತ ಎಲೆ ಗಾಜಿನಡಿ ಬಿಸಿಗೆ ಬೆವರಿ ಅಂಚಿನಲ್ಲಿ ಕಲೆ ಮಾಡುತ್ತದೆ. ಜರೀಗಿಡ ಚೆನ್ನಾಗಿ ಒಪ್ಪುತ್ತದೆ, ತೆಳುವಾದ ಕಡೆ ನರಗಳೂ ಮೂಡುತ್ತವೆ. ಹಿಂದೆ ಗಟ್ಟಿ ಹಲಗೆ, ಮೇಲೆ ಗಾಜು, ನಾಲ್ಕೂ ಕಡೆ ಕ್ಲಿಪ್ಪು. ಎಲೆ ಕಾಗದದಿಂದ ಒಂದೆರಡು ಮಿಲಿಮೀಟರ್ ಮೇಲೆದ್ದರೂ ಬೆಳಕು ಅಡಿಗೆ ನುಸುಳಿ ಅಂಚು ಮಸುಕಾಗುತ್ತದೆ. ಅತಿನೇರಳೆ ಕಿರಣ ತಡೆಯುವ ಚೌಕಟ್ಟಿನ ಗಾಜು ಇಲ್ಲಿ ಶತ್ರು.

ನಡುಹಗಲ ಬಿಸಿಲಿನಲ್ಲಿ ಐದರಿಂದ ಹದಿನೈದು ನಿಮಿಷ, ಮೋಡವಿದ್ದರೆ ಅರ್ಧ ಗಂಟೆಗೂ ಮೇಲೆ. ಗಡಿಯಾರಕ್ಕಿಂತ ಬಣ್ಣ ನಂಬಬೇಕು. ಹಳದಿ ಮೊದಲು ಹಸಿರಾಗುತ್ತದೆ, ಆಮೇಲೆ ಗಾಢ ನೀಲಿ. ಹೊಸಬರು ಇಲ್ಲಿಯೇ ಎತ್ತಿಬಿಡುತ್ತಾರೆ. ಎತ್ತಬಾರದು! ನೀಲಿ ದಾಟಿ, ಗಾಢ ಭಾಗ ಮತ್ತೆ ತಿಳಿಯಾಗತೊಡಗಿ, ಬೂದಿ ಬಳಿದ ಹಿತ್ತಾಳೆಯಂಥ ಕಂದು ಬರುವವರೆಗೆ ಕಾಯಬೇಕು. ತೊಳೆದಾಗ ಬಣ್ಣದಲ್ಲಿ ಸಾಕಷ್ಟು ಭಾಗ ನೀರಿಗೆ ಹೋಗುವುದರಿಂದ ಗಾಜಿನಡಿ ಅತಿಯೆನಿಸಿದ್ದೇ ಕೊನೆಗೆ ಹದವಾಗುತ್ತದೆ. ಕಂಡರೆ ನಂಬುವಂತಿಲ್ಲದ ಈ ಕೊಳಕು ಬಣ್ಣದ ಮೇಲೆ ಭರವಸೆ ಹುಟ್ಟಲು ಕೆಲವು ಹಾಳೆ ಹಾಳಾಗಲೇಬೇಕು. ಬೇಕಾದರೆ ಒಂದು ಪಟ್ಟಿಯ ಮೇಲೆ ರಟ್ಟನ್ನು ಎರಡೆರಡು ನಿಮಿಷಕ್ಕೆ ಸರಿಸುತ್ತ ಪರೀಕ್ಷೆ ಮಾಡಿಕೊಳ್ಳಿ.

ನಂತರ ತಣ್ಣೀರು. ಮೊದಲ ನೀರು ಹಳದಿಯಾಗುತ್ತದೆ, ಬದಲಿಸುತ್ತ ಹತ್ತು ನಿಮಿಷ ಅದ್ದಿ, ಎಲೆಯಿದ್ದ ಜಾಗ ಪೂರ್ತಿ ಬಿಳಿಯಾಗಬೇಕು. ಹಳದಿ ಉಳಿದರೆ ಮುಂದೆ ಬೆಳಕಿಗೆ ಅದೂ ನೀಲಿಯಾಗುತ್ತದೆ. ಕೊನೆಯ ನೀರಿಗೆ ಶೇಕಡ 3ರ ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ಸುರಿದರೆ ಕಣ್ಣೆದುರೇ ಕಡುನೀಲಿ ಏರುತ್ತದೆ. ಅದು ಬರೀ ಆತುರಗಾರರ ಉಪಾಯ, ಗಾಳಿಗೆ ಬಿಟ್ಟರೂ ಒಂದು ದಿನದಲ್ಲಿ ಅಷ್ಟೇ ಬಣ್ಣ ಬರುತ್ತದೆ. ನೀರು ಕ್ಷಾರವಾಗಿದ್ದರೆ ಒಂದೆರಡು ಚಮಚ ವಿನೆಗರ್ ಬೆರೆಸಿ. ತಟ್ಟೆಯಲ್ಲಿ ಸೋಪಿನ ಜಿಡ್ಡು ಮಾತ್ರ ಇರಬಾರದು.