ಹಿಂದಿನ ಸಾಲಿನ ಆಟಗಾರ

"ಎತ್ತರ ಮುಖ್ಯವಲ್ಲ, ಮನಸ್ಸಿದ್ದರೆ ಸಾಕು" ಎಂದು ನನಗೆ ಧೈರ್ಯ ಹೇಳಿದವರಲ್ಲಿ ಒಬ್ಬರೂ ವಾಲಿಬಾಲ್ ಆಡಿದವರಲ್ಲ. ಆಡಿದವರು ಹಾಗೆ ಹೇಳುವುದಿಲ್ಲ. ಆರಡಿ ಎರಡಿಂಚಿನವನೊಬ್ಬ ನೆಟ್‌ನ ಮೇಲಿನಿಂದ ಬಾರಿಸಿದ ಚೆಂಡು ಒಮ್ಮೆ ಎದೆಗೆ ಬಡಿದರೆ ಸಾಕು, ಎತ್ತರ ಎಷ್ಟು ಮುಖ್ಯ ಎಂಬುದು ಯಾರೂ ಹೇಳಿಕೊಡದೆ ಅರ್ಥವಾಗುತ್ತದೆ. 1998ರಲ್ಲಿ ಮಂಡ್ಯದ ನಮ್ಮ ಈ ಕಾಲೇಜಿಗೆ ಬಿ.ಎಸ್ಸಿ. ಓದಲು ಸೇರಿದಾಗ ನನ್ನ ಎತ್ತರ 5 ಅಡಿ 5 ಇಂಚು. ಪದವಿ ಮುಗಿಸಿ ಹೊರಟಾಗಲೂ ಅಷ್ಟೇ. ಆದರೂ ಮೂರು ವರ್ಷ ಕಾಲೇಜು ತಂಡದಲ್ಲಿದ್ದೆ. ಮೊದಲ ವರ್ಷದ ಬಹುಪಾಲು ಬೆಂಚಿನ ಮೇಲೆ ಕಳೆಯಿತು ಎಂಬುದನ್ನೂ ಸೇರಿಸಿಯೇ ಹೇಳಬೇಕು. ಕ್ಯಾಂಟೀನಿನ ಬಗ್ಗೆ, ರಸಾಯನಶಾಸ್ತ್ರ ಪ್ರಯೋಗಾಲಯದ ವಾಸನೆಯ ಬಗ್ಗೆ ಬೇರೆ ಹಳೆಯ ವಿದ್ಯಾರ್ಥಿಗಳು ಬರೆದೇ ಬರೆಯುತ್ತಾರೆ. ನನ್ನ ಪಾಲಿನ ಕಾಲೇಜು ಹೆಚ್ಚಾಗಿ ಹಿಂಬದಿಯ ಮಣ್ಣಿನ ಅಂಕಣದಲ್ಲಿಯೇ ಇತ್ತು.

ನಮ್ಮದು ಪಾಂಡವಪುರದ ಕಡೆಯ ಹಳ್ಳಿ. ಸುಗ್ಗಿ ಮುಗಿದು ಕಣ ಖಾಲಿಯಾಯಿತೆಂದರೆ ಎರಡು ಬಿದಿರು ಗಳ ನೆಟ್ಟು, ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಆಟ ಶುರು ಮಾಡುತ್ತಿದ್ದೆವು. ನೆಟ್ ನಡುಭಾಗದಲ್ಲಿ ಜೋತು ಬಿದ್ದಿರುತ್ತಿತ್ತು. ಆ ಜೋಲಿನ ಕೃಪೆಯಿಂದ ಊರಿನಲ್ಲಿ ನಾನು ಹೆಸರಾಂತ ಸ್ಮ್ಯಾಶರ್! ಸುತ್ತಲಿನ ಹಳ್ಳಿಗಳ ಹೊನಲು ಬೆಳಕಿನ ಪಂದ್ಯಾವಳಿಗಳಿಗೆ ಹೋಗುತ್ತಿದ್ದೆವು. ಒಮ್ಮೆ ಮೊದಲ ಬಹುಮಾನದ ಟಗರನ್ನು ಟ್ರ್ಯಾಕ್ಟರಿನಲ್ಲಿ ಹತ್ತಿಸಿಕೊಂಡು ಬಂದದ್ದೂ ಉಂಟು. (ಆ ಟಗರನ್ನು ಪಾಲು ಮಾಡುವಾಗ ನಡೆದ ಜಗಳ ಪಂದ್ಯಕ್ಕಿಂತ ಬಿರುಸಾಗಿತ್ತು. ಅದು ಕಾಲೇಜು ಸಂಚಿಕೆಗೆ ತಕ್ಕ ವಿಷಯವಲ್ಲ.) ಹೀಗಾಗಿ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಮಂಡ್ಯಕ್ಕೆ ಬಂದು ಇಳಿದವನಿಗೆ ತಂಡದಲ್ಲಿ ಜಾಗ ಸಿಗುವ ಬಗ್ಗೆ ಅನುಮಾನವೇ ಇರಲಿಲ್ಲ.

ಕಾಲೇಜಿನ ನೆಟ್ ಜೋತು ಬಿದ್ದಿರಲಿಲ್ಲ. ಪುರುಷರ ಆಟಕ್ಕೆ ನೆಟ್‌ನ ಎತ್ತರ 2.43 ಮೀಟರ್, ಅಂದರೆ ಎಂಟಡಿಗೆ ಕೂದಲೆಳೆಯಷ್ಟು ಕಡಿಮೆ. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು, ನಮಗೆಲ್ಲ ಪಿ.ಡಿ. ಸರ್, ಅದನ್ನು ಅಳತೆಕೋಲಿಟ್ಟು ಕಟ್ಟಿಸುತ್ತಿದ್ದರು. ಆಯ್ಕೆಯ ದಿನ ನನ್ನ ಸ್ಮ್ಯಾಶ್‌ಗಳು ಒಂದೋ ನೆಟ್‌ಗೆ ಸಿಕ್ಕಿಕೊಂಡವು, ಇಲ್ಲವೇ ಗೆರೆ ದಾಟಿ ಸೈಕಲ್ ಸ್ಟ್ಯಾಂಡಿನ ಕಡೆ ಹೋದವು. ಸಂಜೆ ಬಹುತೇಕ ಎಲ್ಲರೂ ಹೊರಟ ಮೇಲೆ ಸರ್ ನನ್ನನ್ನು ಕ್ರೀಡಾ ಸಾಮಗ್ರಿಯ ಕೋಣೆಯ ಗೋಡೆಗೆ ಒರಗಿಸಿ ನಿಲ್ಲಿಸಿದರು. ಕೈ ಮೇಲೆತ್ತಿಸಿ, ಬೆರಳ ತುದಿ ಮುಟ್ಟಿದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. 7 ಅಡಿ 1 ಇಂಚು. ಅದರ ಮೇಲೆ ನೆಟ್‌ನ ಎತ್ತರಕ್ಕೆ ಇನ್ನೊಂದು ಗೆರೆ. ಎರಡರ ನಡುವೆ ಹನ್ನೊಂದು ಇಂಚಿನಷ್ಟು ಬರಿಯ ಗೋಡೆ.

"ನೋಡಯ್ಯ, ನಿನ್ನ ಬೆರಳು ನೆಟ್‌ನ ಅಂಚಿಗೆ ತಾಗಬೇಕಾದರೇ ಇಷ್ಟು ಹಾರಬೇಕು. ಚೆಂಡನ್ನು ಕೆಳಮುಖವಾಗಿ ಹೊಡೆಯಬೇಕಾದರೆ ಇನ್ನೂ ಒಂದು ಅಡಿ. ನೀನು ಹಾರುತ್ತೀಯ, ನಾನು ಇಲ್ಲ ಎನ್ನುವುದಿಲ್ಲ" ಎಂದರು. ಆಮೇಲೆ ನೆಟ್ ನಡುವೆ ಹಾರಿ ಎದುರಾಳಿಯ ಹೊಡೆತ ತಡೆಯುವ ನಮ್ಮ ಸೆಂಟರ್ ಬ್ಲಾಕರ್‌ನನ್ನು ಕರೆದು ಅದೇ ಗೋಡೆಗೆ ನಿಲ್ಲಿಸಿದರು. ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿ, ಆರಡಿ ಎರಡಿಂಚು. ಹಿಮ್ಮಡಿ ಎತ್ತದೆಯೇ ಅವನ ಬೆರಳು ಮೇಲಿನ ಗೆರೆಯನ್ನು ದಾಟಿತು. "ಈಗ ಇಬ್ಬರೂ ಹಾರಿದರೆ ಏನಾಗುತ್ತದೆ, ನೀನೇ ಹೇಳು."

ನಾನು ಏನು ಹೇಳಲಿ? "ಹಾಗಾದರೆ ನಾಳೆಯಿಂದ ಬರುವುದು ಬೇಡವೇ ಸರ್?" ಎಂದು ಕೇಳಿದೆ.

"ಬೇಡ ಎಂದೆನೇ? ನಮ್ಮ ಕಡೆಯ ಅಂಕಣ ಒಂಬತ್ತು ಮೀಟರ್ ಉದ್ದ, ಒಂಬತ್ತು ಮೀಟರ್ ಅಗಲ. ನೆಟ್ ಬುಡದಲ್ಲಿ ಮೂವರು ಹಾರುತ್ತಾರೆ. ಉಳಿದ ನೆಲವನ್ನು ಯಾರು ನೋಡಿಕೊಳ್ಳಬೇಕು? ನಾಳೆ ಬೆಳಗ್ಗೆ ಬೇಗ ಬಾ, ಮೊಣಕೈಗೆ ಹಳೆಯ ಕಾಲುಚೀಲ ಕತ್ತರಿಸಿ ಹಾಕಿಕೊಂಡು ಬಾ."

ನನಗೆ ಸಿಕ್ಕ ಒಳ್ಳೆಯ ಉಪದೇಶ ಅದೊಂದೇ. ಮೊದಲು ಅಳತೆ, ಆಮೇಲೆ ಕೆಲಸ. ಮನಸ್ಸಿದ್ದರೆ ಮಾರ್ಗ ಎಂದು ಬೆನ್ನು ತಟ್ಟಿ ಕಳಿಸಿದ್ದರೆ ನಾನು ಮೂರು ವರ್ಷವೂ ಸೈಕಲ್ ಸ್ಟ್ಯಾಂಡಿನ ಕಡೆ ಚೆಂಡು ಹೊಡೆಯುತ್ತಿದ್ದೆನೇನೋ.

ಕಾಲುಚೀಲ ಏಕೆಂದು ಮರುದಿನವೇ ತಿಳಿಯಿತು. ಪರೀಕ್ಷಾ ಕೊಠಡಿಯ ಒಂದು ಮೇಜನ್ನು ಹೊರಿಸಿ ತಂದು, ನೆಟ್‌ನ ಆಚೆ ಅದರ ಮೇಲೆ ಸರ್ ನಿಂತರು. ಅಲ್ಲಿಂದ ಒಂದಾದ ಮೇಲೊಂದು ಚೆಂಡು ಬಾರಿಸತೊಡಗಿದರು. ಎತ್ತಬೇಕು, ಬಿದ್ದರೆ ಉರುಳಿ ಏಳಬೇಕು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್ ಮೊದಲ ಸಲ ಸೇರ್ಪಡೆಯಾದಾಗ ಸೋವಿಯತ್ ತಂಡವನ್ನು ಸೋಲಿಸಿ ಚಿನ್ನ ಗೆದ್ದ ಜಪಾನಿನ ಮಹಿಳೆಯರು ಹೀಗೆ ಉರುಳಿಯೇ ಹೆಸರಾದವರು ಎಂದು ಹೇಳುತ್ತಿದ್ದರು. ಚೆಂಡಿಗೆ ಜಿಗಿದು, ಭುಜದ ಮೇಲೆ ಸುತ್ತಿ, ಮುಂದಿನ ಚೆಂಡು ಬರುವಷ್ಟರಲ್ಲಿ ಎದ್ದು ನಿಲ್ಲುವ ವಿದ್ಯೆ. ಜಪಾನಿನವರು ಮರದ ನೆಲದ ಮೇಲೆ ಉರುಳಿರಬೇಕು. ನಮ್ಮದು ಮಂಡ್ಯದ ಗೊರಚು ಮಣ್ಣು. ಸಂಜೆ ಮನೆಗೆ ಹೋದರೆ ಅವ್ವ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚುತ್ತ, ಕಾಲೇಜಿಗೆ ಓದಲು ಹೋಗುತ್ತೀಯೋ ಕಬ್ಬಿನ ಗದ್ದೆಯಲ್ಲಿ ತೆವಳಲು ಹೋಗುತ್ತೀಯೋ ಎಂದು ಕೇಳುತ್ತಿದ್ದಳು.

ಚೆಂಡು ಎತ್ತುವುದಕ್ಕಿಂತ ಮುಖ್ಯವಾಗಿ ಕಲಿತದ್ದು ನೋಡುವುದನ್ನು. ಎದುರಾಳಿಯ ಲಿಫ್ಟರ್, ಅಂದರೆ ಸ್ಮ್ಯಾಶ್ ಹೊಡೆಯಲು ಚೆಂಡು ಎತ್ತಿಕೊಡುವವನ ಕೈಗೆ ಚೆಂಡು ಸರಿಯಾಗಿ ಹೋಯಿತೇ ಇಲ್ಲವೇ ಎಂಬುದರಿಂದ ಶುರು. ಹೋಗದಿದ್ದರೆ ಅವನು ಮೂಲೆಗೆ ಎತ್ತರದ ಚೆಂಡು ಕೊಡುವುದು ಬಿಟ್ಟು ಬೇರೆ ದಾರಿಯಿಲ್ಲ. ನಂತರ ಸ್ಮ್ಯಾಶರ್ ಓಡಿ ಬರುವ ಕೋನ, ಅವನ ಭುಜ. ಮೊಣಕೈ ಕೆಳಗಿಳಿದರೆ ಅದು ಪ್ಲೇಸಿಂಗ್, ಅಂದರೆ ಖಾಲಿ ಜಾಗಕ್ಕೆ ಮೆಲ್ಲಗೆ ಹಾಕುವ ಚೆಂಡು, ಬ್ಲಾಕಿನ ಹಿಂದೆಯೇ ಬೀಳುತ್ತದೆ, ಮುಂದೆ ಓಡು. ನಮ್ಮ ಬ್ಲಾಕರ್‌ಗಳು ಪಕ್ಕದ ಗೆರೆಯನ್ನು ಮುಚ್ಚಿ ಹಾರಿದ್ದರೆ ಅವರ ಬೆನ್ನಿಗೆ ನಿಂತು ಪ್ರಯೋಜನವಿಲ್ಲ, ತೆರೆದಿರುವ ಅಡ್ಡ ದಾರಿಯಲ್ಲಿ ನಿಲ್ಲಬೇಕು. ಚೆಂಡು ಹೊಡೆದ ಮೇಲೆ ಓಡುವವನಿಗೆ ಚೆಂಡು ಸಿಗುವುದಿಲ್ಲ. ಹೊಡೆಯುವ ಮೊದಲೇ ಅಲ್ಲಿ ನಿಂತಿರುವವನಿಗೆ ಸಿಗುತ್ತದೆ, ನೋಡುವವರಿಗೆ ಅದೃಷ್ಟದಂತೆ ಕಾಣುತ್ತದೆ. ಇದಕ್ಕೆ ಎತ್ತರದ ಹಂಗಿಲ್ಲ. ಸರ್ವಿಸ್ ತೆಗೆದುಕೊಳ್ಳುವುದಕ್ಕೂ ಇಲ್ಲ: ಕಾಲು ಮೊದಲು ಹೋಗಬೇಕು, ಎರಡು ಮುಂಗೈ ಸೇರಿಸಿ ಹಲಗೆಯಂತೆ ಹಿಡಿದು ಸುಮ್ಮನಿರಬೇಕು, ಬೀಸಬಾರದು.

ಇಷ್ಟಾದರೂ ಮೊದಲ ವರ್ಷ ಬೆಂಚು ಬಿಡಲಿಲ್ಲ. ಕಾರಣ ಆಟದ ನಿಯಮ. ಸರ್ವಿಸ್ ಕಿತ್ತುಕೊಂಡಾಗಲೆಲ್ಲ ಆರೂ ಜನ ಪ್ರದಕ್ಷಿಣೆಯಾಗಿ ಒಂದೊಂದು ಸ್ಥಾನ ಸರಿಯಬೇಕು. ಹಿಂದಿನ ಸಾಲಿನಲ್ಲಿ ಎಷ್ಟೇ ಚೆನ್ನಾಗಿ ಆಡಿದರೂ ಕುಳ್ಳನ ಸರದಿ ಒಂದು ಹೊತ್ತಿಗೆ ನೆಟ್‌ಗೆ ಬರುತ್ತದೆ. ಬಂದ ಕೂಡಲೇ ಎದುರಾಳಿ ಲಿಫ್ಟರ್‌ಗೆ ಹಬ್ಬ. ಎಲ್ಲ ಚೆಂಡೂ ಕುಳ್ಳನ ತಲೆಯ ಮೇಲೆಯೇ. ಅದಕ್ಕಾಗಿ ಸರ್ ಸೆಂಟರ್ ಬ್ಲಾಕರ್ ಹಿಂದಿನ ಸಾಲಿಗೆ ಬಂದಾಗ ಅವನನ್ನು ಹೊರಗೆ ಕರೆದು ನನ್ನನ್ನು ಇಳಿಸುತ್ತಿದ್ದರು. ನಾನು ಮುಂದಿನ ಸಾಲಿಗೆ ಬರುವಷ್ಟರಲ್ಲಿ ಅವನು ಒಳಗೆ, ನಾನು ಹೊರಗೆ. ಆದರೆ ಹೀಗೆ ಹೊರಗೆ ಹೋದವನು ಒಂದು ಸೆಟ್‌ನಲ್ಲಿ ಒಮ್ಮೆ ಮಾತ್ರ ಮರಳಬಹುದು. ಅಲ್ಲಿಗೆ ಆ ಸೆಟ್‌ನಲ್ಲಿ ನನ್ನ ಕೆಲಸ ಮುಗಿಯಿತು. ಮತ್ತೆ ನೀರಿನ ಬಾಟಲಿ ಕಾಯುವುದು.

ಆಗ ಬಂದದ್ದು ಲಿಬೆರೊ. ಅಂತರರಾಷ್ಟ್ರೀಯ ಆಟದಲ್ಲಿ ಈ ಸ್ಥಾನ 1998ರಲ್ಲಿ ಬಂತು, ನಮ್ಮ ಅಂಕಣದವರೆಗೆ ಬರಲು ಇನ್ನಷ್ಟು ಸಮಯ ಹಿಡಿಯಿತು. ಲಿಬೆರೊ ಹಿಂದಿನ ಸಾಲಿನಲ್ಲಿ ಮಾತ್ರ ಆಡುವವನು. ಅವನು ಒಳಗೆ ಬಂದು ಹೋಗುವುದು ಬದಲಿ ಆಟಗಾರರ ಲೆಕ್ಕಕ್ಕೆ ಸೇರುವುದಿಲ್ಲ. ನಡುವೆ ಸರ್ವಿಸ್‌ನಿಂದ ಚೆಂಡಿನ ಆಟ ನಿಲ್ಲುವವರೆಗಿನ ಒಂದು ಸುತ್ತು, ಅಂದರೆ ಒಂದು ರ‍್ಯಾಲಿ ಮುಗಿದಿದ್ದರೆ ಎಷ್ಟು ಸಲ ಬೇಕಾದರೂ ಬರಬಹುದು. ಅವನು ಬ್ಲಾಕ್ ಮಾಡುವಂತಿಲ್ಲ, ನೆಟ್‌ಗಿಂತ ಮೇಲಿರುವ ಚೆಂಡನ್ನು ಆಚೆ ಹೊಡೆಯುವಂತಿಲ್ಲ, ನೆಟ್‌ನಿಂದ ಮೂರು ಮೀಟರ್ ದೂರದ ಗೆರೆಯ ಮುಂದೆ ನಿಂತು ಬೆರಳುಗಳಿಂದ ಎತ್ತಿಕೊಟ್ಟ ಚೆಂಡನ್ನು ಜೊತೆಗಾರರು ನೆಟ್‌ನ ಮೇಲಿನಿಂದ ಬಾರಿಸುವಂತಿಲ್ಲ. ಸರ್ ಈ ನಿಷೇಧಗಳನ್ನೆಲ್ಲ ಓದಿ ಹೇಳಿ ನನ್ನ ಮುಖ ನೋಡಿ ನಕ್ಕರು. ನನ್ನಿಂದ ಆಗದ ಕೆಲಸಗಳನ್ನೇ ಹೆಕ್ಕಿ ಹೆಕ್ಕಿ ನಿಷೇಧಿಸಿದ್ದರು!

ಅದೇ ಸುಮಾರಿಗೆ ಅಂಕದ ಲೆಕ್ಕವೂ ಬದಲಾಯಿತು. ಮೊದಲು ಸರ್ವಿಸ್ ಮಾಡಿದ ತಂಡಕ್ಕೆ ಮಾತ್ರ ಅಂಕ, ಸೆಟ್ 15ಕ್ಕೆ. ಹೊಸ ಪದ್ಧತಿಯಲ್ಲಿ ಪ್ರತಿ ರ‍್ಯಾಲಿಗೂ ಅಂಕ, ಸೆಟ್ 25ಕ್ಕೆ, ಐದನೆಯದು ಮಾತ್ರ 15ಕ್ಕೆ. ನಮ್ಮ ಸರ್ವಿಸ್ ಇರುವಾಗ ಚೆಂಡು ಕೈಬಿಟ್ಟರೆ ಮೊದಲು ಸರ್ವಿಸ್ ಮಾತ್ರ ಹೋಗುತ್ತಿತ್ತು, ಈಗ ಅಂಕವೂ ಹೋಗುತ್ತದೆ. ನೆಲ ಕಾಯುವವನ ಬೆಲೆ ಏರಿತು.

ಲಿಬೆರೊ ಬೇರೆ ಬಣ್ಣದ ಅಂಗಿ ತೊಡಬೇಕು. ನಮ್ಮ ತಂಡಕ್ಕೆ ಇದ್ದದ್ದೇ ಒಂದು ಜೊತೆ ನೀಲಿ ಜೆರ್ಸಿ. ಕೊನೆಗೆ ಕಬಡ್ಡಿ ತಂಡದವರಿಂದ ಹಳದಿ ಜೆರ್ಸಿ ಸಾಲ ತಂದರು. ಕಬಡ್ಡಿ ಆಟಗಾರನ ಭುಜ ನನ್ನ ಎರಡರಷ್ಟಿತ್ತು, ಉರುಳಿದಾಗಲೆಲ್ಲ ಅಂಗಿ ಒಂದು ಕಡೆ ನಾನೊಂದು ಕಡೆ. ಮೈಸೂರಿನಲ್ಲಿ ಅಂತರ ಕಾಲೇಜು ಪಂದ್ಯಕ್ಕೆ ಅದನ್ನೇ ತೊಟ್ಟು ಇಳಿದೆ. ನೆರೆದವರು ನಗಾಡಿದರು. ಎರಡನೆಯ ಸೆಟ್‌ನಲ್ಲಿ ಎದುರು ತಂಡದ ತರಬೇತುದಾರರು "ಹಳದಿ ಅಂಗಿಯವನಿಗೆ ಹಾಕಬೇಡಿ" ಎಂದು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆ ಪಂದ್ಯ ಸೋತೆವು. ಆದರೂ ವಾಪಸ್ ರೈಲಿನಲ್ಲಿ ಶ್ರೀರಂಗಪಟ್ಟಣ ದಾಟುವವರೆಗೂ ನಾನು ಬೀಗುತ್ತಲೇ ಇದ್ದೆ.

ಕುಳ್ಳನಿಗೆ ಲಿಬೆರೊ ಒಂದೇ ಗತಿಯಲ್ಲ. ಮದ್ದೂರಿನ ಕಡೆಯ ನನ್ನ ಗೆಳೆಯನೊಬ್ಬ ನನಗಿಂತ ಒಂದೇ ಇಂಚು ಎತ್ತರ, ನಮ್ಮ ಲಿಫ್ಟರ್ ಆಗಿದ್ದ. ಅವನ ಕೆಲಸ ನನ್ನದಕ್ಕಿಂತ ಕಷ್ಟ, ಏಕೆಂದರೆ ಲಿಫ್ಟರ್ ಮುಂದಿನ ಸಾಲಿಗೂ ಬಂದು ಬ್ಲಾಕಿಗೆ ಹಾರಲೇಬೇಕು. ಆದರೆ ಅವನು ಎತ್ತಿಕೊಡುವ ಚೆಂಡು ಎಲ್ಲಿಗೆ ಹೋಗುತ್ತದೆಂದು ನಮಗೇ ತಿಳಿಯುತ್ತಿರಲಿಲ್ಲ. ಬ್ಲಾಕಿನಲ್ಲಿ ಕಳೆದದ್ದನ್ನು ಅವನು ಅಲ್ಲಿ ವಸೂಲಿ ಮಾಡುತ್ತಿದ್ದ. ವರ್ಷಗಳ ನಂತರ ಜಪಾನಿನ ಯೋಶಿಯೆ ತಕೆಶಿತ ಆಟವನ್ನು ನೋಡಿದಾಗ ಅವನ ನೆನಪಾಯಿತು. ಆಕೆಯ ಎತ್ತರ 159 ಸೆಂಟಿಮೀಟರ್, 5 ಅಡಿ 3 ಇಂಚೂ ತುಂಬುವುದಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದ ಲಿಫ್ಟರ್. ಅದೇ ಒಲಿಂಪಿಕ್ಸ್‌ನಲ್ಲಿ ಅತ್ಯುತ್ತಮ ಲಿಬೆರೊ ಎನಿಸಿಕೊಂಡ ಡೊಮಿನಿಕನ್ ಗಣರಾಜ್ಯದ ಬ್ರೆಂಡಾ ಕ್ಯಾಸ್ಟಿಯೊ 167 ಸೆಂಟಿಮೀಟರ್. ಮಹಿಳೆಯರ ನೆಟ್ 2.24 ಮೀಟರ್ ಎಂಬುದು ನಿಜ, ಆದರೆ ಎದುರು ನಿಲ್ಲುವವರೂ ಆರಡಿ ಮೀರಿದವರೇ. ಪುರುಷರಲ್ಲಿ ಲೆಕ್ಕ ಇನ್ನೂ ಕಠಿಣ. 2004ರಲ್ಲೂ 2016ರಲ್ಲೂ ಬ್ರೆಜಿಲ್‌ನ ಚಿನ್ನದ ತಂಡದಲ್ಲಿದ್ದ ಲಿಬೆರೊ ಸೆರ್ಜಿಯೊ ಸಾಂಟೋಸ್ 184 ಸೆಂಟಿಮೀಟರ್. ಆ ತಂಡದಲ್ಲಿ ಅವರು ಕುಳ್ಳರು. ನಮ್ಮ ಕಾಲೇಜಿಗೆ ಬಂದಿದ್ದರೆ ಪಿ.ಡಿ. ಸರ್ ಕಣ್ಣುಮುಚ್ಚಿ ಸ್ಮ್ಯಾಶರ್ ಮಾಡುತ್ತಿದ್ದರು.

ಕುಳ್ಳನಿಗೆ ನೆಲ ಹತ್ತಿರ, ಆದ್ದರಿಂದ ಅವನೇ ಒಳ್ಳೆಯ ಲಿಬೆರೊ ಎನ್ನುವ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಮಂಡಿ ಮಡಿಸಲು ಕಲಿತ ಆರಡಿಯವನು ನನಗಿಂತ ಹೆಚ್ಚು ನೆಲವನ್ನು ಕಾಯುತ್ತಾನೆ, ತೋಳು ಉದ್ದವಲ್ಲವೇ. ಅಂತಿಮ ವರ್ಷ ವಿಶ್ವವಿದ್ಯಾನಿಲಯ ತಂಡದ ಆಯ್ಕೆಗೆ ಮೈಸೂರಿಗೆ ಹೋದಾಗ ಆದದ್ದೂ ಅದೇ. ಲಿಬೆರೊ ಸ್ಥಾನಕ್ಕೆ ಆಯ್ಕೆಯಾದವನು 5 ಅಡಿ 10 ಇಂಚಿನ ಹುಡುಗ. ನಾನು ನೋಡುವುದನ್ನೆಲ್ಲ ಅವನೂ ನೋಡುತ್ತಿದ್ದ, ಮೇಲೆ ಒಂದು ಹೆಜ್ಜೆ ಆಚೆಗೂ ಕೈ ಚಾಚುತ್ತಿದ್ದ. ಆಯ್ಕೆಗಾರರ ಜಾಗದಲ್ಲಿ ನಾನಿದ್ದರೂ ಅವನನ್ನೇ ತೆಗೆದುಕೊಳ್ಳುತ್ತಿದ್ದೆ. ಕಾಲೇಜು ತಂಡಕ್ಕೆ 5 ಅಡಿ 5 ಇಂಚು ಸಾಕಾಯಿತು, ಅದರಾಚೆಗೆ ಸಾಲಲಿಲ್ಲ. ಇಂದಿಗೂ ಕುಳ್ಳ ಹುಡುಗರು ಕೇಳಿದರೆ ಇದನ್ನು ಮರೆಮಾಚದೆ ಹೇಳುತ್ತೇನೆ.

ಈಗ ಓದುತ್ತಿರುವವರಿಗೆ ಇನ್ನೊಂದು ಮಾತು. ಲಿಬೆರೊ ಸರ್ವಿಸ್ ಮಾಡುವಂತಿಲ್ಲ ಎಂದು ಸರ್ವಿಸ್ ಕಲಿಯುವುದನ್ನು ಬಿಡಬೇಡಿ. ಲಿಬೆರೊ ಸ್ಥಾನ ತಂಡಕ್ಕೆ ಒಂದು, ಹೆಚ್ಚೆಂದರೆ ಎರಡು. ಅದರಲ್ಲಿ ಸೀನಿಯರ್ ಒಬ್ಬರು ಕೂತಿದ್ದರೆ ನಿಮ್ಮ ಸರದಿ ಮುಂದಿನ ವರ್ಷಕ್ಕೆ. ಗಾಳಿಯಲ್ಲಿ ತೇಲಿ ಅಲುಗಾಡುತ್ತ ಹೋಗುವ ಫ್ಲೋಟ್ ಸರ್ವಿಸ್ ಕೈಗೆ ಬಂದಿದ್ದರೆ ಸರ್ವಿಸ್ ಮಾಡಲೆಂದೇ ನಿಮ್ಮನ್ನು ಬದಲಿಯಾಗಿ ಇಳಿಸುತ್ತಾರೆ, ಮೂರು ಸರದಿ ಹಿಂದಿನ ಸಾಲಿನಲ್ಲಿ ಆಡಿ ಬರಬಹುದು. ಆಯ್ಕೆಯ ದಿನ ಎಲ್ಲರೂ ಸ್ಮ್ಯಾಶ್ ಹೊಡೆಯಲು ಸಾಲು ನಿಲ್ಲುತ್ತಾರೆ. ನೀವು ಆ ಸಾಲಿನಲ್ಲಿ ನಿಲ್ಲದೆ, ತಂಡದ ಅತಿ ಜೋರಿನ ಸರ್ವಿಸ್‌ಗಾರನನ್ನು ಆಚೆ ನಿಲ್ಲಿಸಿ ಹತ್ತು ಚೆಂಡು ಹಾಕಿಸಿ ಎಂದು ಪಿ.ಡಿ. ಸರ್ ಅವರನ್ನು ಕೇಳಿ.